ವೀರಗಲ್ಲಿನ ಅಸೈನ್‌ಮೆಂಟಿಗೆ ಮೂರು ತುಂಡು ವಿಡಿಯೊ

ಅಸೈನ್‌ಮೆಂಟ್ ಹಾಳೆಯಲ್ಲಿ "ಕಲ್ಲನ್ನು ದಾಖಲಿಸಿ" ಅಂತ ಬರೆದಿದ್ದೆ. ತರಗತಿಯ 58 ಮಕ್ಕಳಲ್ಲಿ ಮುಕ್ಕಾಲು ಪಾಲು ಅದನ್ನು "ಕಲ್ಲಿನ ಫೋಟೊ ತೆಗೆಯಿರಿ" ಅಂತ ಓದಿಕೊಂಡರು. ಕೆಲವರು ಕಲ್ಲಿನ ಪಕ್ಕ ತಾವೂ ನಿಂತು ಸೆಲ್ಫಿ ಹೊಡೆದು, ಬಣ್ಣದ ಪ್ರಿಂಟ್ ಹಾಕಿಸಿ ಅಂಟಿಸಿ ತಂದರು. ಕಲ್ಲು ಎಷ್ಟು ಎತ್ತರ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಪಟ್ಟಿಕೆ (ಅಡ್ಡಡ್ಡಲಾಗಿ ಕೆತ್ತಿದ ಚಿತ್ರದ ಸಾಲು) ಇದೆ, ಅಕ್ಷರ ಇದೆಯೋ ಇಲ್ಲವೋ, ಒಂದು ಮಾತೂ ಇಲ್ಲ. "ದಾಖಲಿಸಿ ಅಂದಿದ್ದೆನಲ್ಲ?" ಅಂತ ಕೇಳಿದೆ. "ದಾಖಲಿಸಿದೀವಲ್ಲ ಮ್ಯಾಮ್" ಅಂದರು. ಬೈಯಲು ಬಾಯಿ ಬರಲಿಲ್ಲ. ಫೋಟೊ ಕೂಡ ದಾಖಲೆಯೇ ತಾನೆ?

ಆ ವರ್ಷದಿಂದ ಅಸೈನ್‌ಮೆಂಟ್ ಹಾಳೆಯ ಜೊತೆಗೆ ನಾನೇ ಮಾಡಿದ ವಿಡಿಯೊ ಕೊಡುತ್ತಿದ್ದೇನೆ. ಈಗ ಐದನೇ ವರ್ಷ. ಮೊದಲ ಎರಡು ವರ್ಷದ ವಿಡಿಯೊಗಳನ್ನು ಈಗ ನೋಡಿದರೆ ನನಗೇ ನಾಚಿಕೆ. ಏನು ಕಲಿತೆ, ಈಗ ಹೇಗೆ ಮಾಡುತ್ತೇನೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬೇರೆ ವಿಷಯದ ಮೇಷ್ಟ್ರುಗಳು ಕಲ್ಲಿನ ಜಾಗದಲ್ಲಿ ತಮ್ಮ ಲೆಡ್ಜರನ್ನೋ ಸಸ್ಯವನ್ನೋ ಇಟ್ಟುಕೊಂಡು ಓದಿಕೊಳ್ಳಿ.

ನಾನು ಸಾಗರದ ಕಡೆಯವಳು, ಪದವಿ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಅಸೈನ್‌ಮೆಂಟ್ ಇಷ್ಟು: ನಿಮ್ಮೂರಿನ ಅಥವಾ ಪಕ್ಕದೂರಿನ ಒಂದು ವೀರಗಲ್ಲು (ಕಾಳಗದಲ್ಲಿ ಸತ್ತ ವೀರನ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದವಳ ನೆನಪಿನ ಕಲ್ಲು) ಇಲ್ಲವೇ ಶಾಸನದ ಕಲ್ಲು ಹುಡುಕಿ, ದಾಖಲಿಸಿ, ಅದು ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸೇರಿದೆಯೇ ನೋಡಿ, ನಾಲ್ಕು ಪುಟ ಬರೆಯಿರಿ. ಹತ್ತು ಅಂಕ. ಸೊರಬ, ಶಿಕಾರಿಪುರ, ಹೊಸನಗರ, ಸಾಗರದ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಗದ್ದೆಯ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಬಸ್‌ಸ್ಟಾಪಿನ ಹಿಂದೆ ನಿಂತಿರುತ್ತವೆ. ಎಷ್ಟೋ ಕಡೆ ಬಟ್ಟೆ ಒಗೆಯುವ ಕಲ್ಲೂ ಅದೇ.

ಕ್ಯಾಮೆರಾ ಹಿಡಿಯುವ ಮೊದಲು

ಮೊದಲ ಕೆಲಸ ಒಬ್ಬ ವಿದ್ಯಾರ್ಥಿಯನ್ನು ಕರೆದು ಹಾಳೆ ಕೈಗೆ ಕೊಡುವುದು. ಮುಂದಿನ ಬೆಂಚಿನವರು ಬೇಡ. ಅವರು ನಿಮ್ಮ ಮನಸ್ಸನ್ನು ಓದುತ್ತಾರೆ, ಹಾಳೆಯನ್ನಲ್ಲ. ಹಿಂದಿನ ವರ್ಷ ಪಾಸಾದ, ಮಧ್ಯಮ ಅಂಕದ ಒಬ್ಬರು ಸಿಕ್ಕರೆ ಒಳ್ಳೆಯದು. "ಇದನ್ನು ಜೋರಾಗಿ ಓದು. ಓದಿ ಆದಮೇಲೆ ನಾಳೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀಯ ಹೇಳು" ಅಂತ ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. ಅವರು ತಪ್ಪು ಹೇಳಿದ ಕೂಡಲೇ ನಮ್ಮ ಬಾಯಿ ತೆರೆದುಕೊಳ್ಳುತ್ತದೆ.

ನಾನು ಕೂರಿಸಿಕೊಂಡ ಹುಡುಗಿ ಆನಂದಪುರದ ಕಡೆಯವಳು. "ವಿಶ್ಲೇಷಿಸಿ" ಅನ್ನುವ ಕಡೆ ಬಂದಾಗ, "ಅಂದ್ರೆ ಜಾಸ್ತಿ ಬರೀಬೇಕು ಅಂತ ಅಲ್ವಾ ಮ್ಯಾಮ್?" ಅಂದಳು. "ಮೂಲ ಪಾಠವನ್ನು ಪರಿಶೀಲಿಸಿ" (ಅಂದರೆ ಶಾಸನದಲ್ಲಿರುವ ಮಾತನ್ನೇ ನೋಡಿ) ಅನ್ನುವುದಕ್ಕೆ, "ಮೂಲ ಅಂದ್ರೆ ಗೂಗಲ್ಲಾ?" ಅಂದಳು. ಅರ್ಧ ಗಂಟೆಯಲ್ಲಿ ಇಂಥ ಆರು ಜಾಗ ಸಿಕ್ಕವು. ನಾಲ್ಕನ್ನು ಹಾಳೆಯಲ್ಲೇ ತಿದ್ದಿದೆ. ಮಾತು ಸರಳ ಮಾಡಿದರೆ ಸಾಕಾಗಿತ್ತು, ವಿಡಿಯೊ ಬೇಕಿರಲಿಲ್ಲ. ಉಳಿದ ಎರಡು ಎಷ್ಟು ತಿದ್ದಿದರೂ ಕಾಗದದಲ್ಲಿ ಕೂರಲಿಲ್ಲ: ಕಲ್ಲನ್ನು ನೋಡುವುದು ಹೇಗೆ, ನಾನು ಅಂಕ ಕೊಡುವಾಗ ಏನನ್ನು ಹುಡುಕುತ್ತೇನೆ. ವಿಡಿಯೊ ಆ ಎರಡಕ್ಕೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆಂದರೆ, ನಾನು ನೋಡಿದ ಬಹಳಷ್ಟು ಅಸೈನ್‌ಮೆಂಟ್ ವಿಡಿಯೊಗಳಲ್ಲಿ ಮೇಷ್ಟ್ರು ಪರದೆ ಮೇಲೆ ಹಾಳೆ ತೆರೆದಿಟ್ಟು ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ ಓದುತ್ತಾರೆ. ನನ್ನ ಮೊದಲ ವಿಡಿಯೊ ಕೂಡ ಹಾಗೇ ಇತ್ತು, ಹದಿನೇಳು ನಿಮಿಷ. ಪರದೆಯ ಮೇಲಿನ ಸಾಲುಗಳನ್ನೇ ಬಾಯಲ್ಲೂ ಓದಿದರೆ ಕಲಿಕೆಗೆ ಅಡ್ಡಿ ಅಂತ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಎಷ್ಟೋ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಷ್ಟು ದೂರ ಯಾಕೆ, ಮದುವೆ ಮನೆಯಲ್ಲಿ ಕಾಗದ ನೋಡಿ ಭಾಷಣ ಓದುವವರನ್ನು ನೆನೆಸಿಕೊಳ್ಳಿ.

ಮೂರು ತುಂಡು

ಈಗ ನನ್ನದು ಮೂರು ಪ್ರತ್ಯೇಕ ವಿಡಿಯೊ. ಮೊದಲನೆಯದು ಎರಡು ನಿಮಿಷ: ಈ ಕೆಲಸ ಯಾಕೆ, ಕೊನೆಗೆ ಕೈಯಲ್ಲಿ ಏನಿರಬೇಕು. ಎರಡನೆಯದು ಐದು ನಿಮಿಷ: ಕಲ್ಲಿನ ಮುಂದೆ ಮತ್ತು ಪುಸ್ತಕದೊಳಗೆ ಕೆಲಸ ಮಾಡುವ ಬಗೆ. ಮೂರನೆಯದು ಐದು ನಿಮಿಷ: ಒಂದು ಮಾದರಿ ಉತ್ತರಕ್ಕೆ ನಾನು ಅಂಕ ಹಾಕುವುದು.

ಈ ವಿಂಗಡಣೆ ನನ್ನ ಸ್ವಂತದ್ದಲ್ಲ. ಅಮೆರಿಕದ ಶಿಕ್ಷಣತಜ್ಞೆ ಮೇರಿ-ಆ್ಯನ್ ವಿಂಕೆಲ್ಮಸ್ ಅವರು ಯಾವ ಅಸೈನ್‌ಮೆಂಟಿಗೂ ಉದ್ದೇಶ, ಕೆಲಸ, ಅಳತೆಗೋಲು ಈ ಮೂರನ್ನು ಬಿಡಿಸಿ ಹೇಳಿ ಅನ್ನುತ್ತಾರೆ. ನಾನು ಅದನ್ನು ವಿಡಿಯೊಗೆ ಹೊಂದಿಸಿಕೊಂಡೆ, ಅಷ್ಟೇ. ಉದ್ದದ ವಿಚಾರಕ್ಕೆ 2014ರಲ್ಲಿ ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದ 69 ಲಕ್ಷ ವೀಕ್ಷಣೆಗಳನ್ನು ಲೆಕ್ಕ ಹಾಕಿದ ಅಧ್ಯಯನ ಇದೆ. ವಿಡಿಯೊ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ನೋಡುವುದು ಆರು ನಿಮಿಷದ ಒಳಗೇ. ಅದು ಪಾಠದ ವಿಡಿಯೊಗಳ ಲೆಕ್ಕ. ಅಸೈನ್‌ಮೆಂಟ್ ವಿಡಿಯೊವನ್ನು ಮಕ್ಕಳು ನೋಡುವುದು ಸಬ್‌ಮಿಟ್ ಮಾಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ, ಹಾಗಾಗಿ ನಾನು ಇನ್ನೂ ಜಿಪುಣಿ.

ತುಂಡು ಮಾಡುವುದಕ್ಕೆ ಇನ್ನೊಂದು ಸ್ವಾರ್ಥದ ಕಾರಣವೂ ಇದೆ. ಒಂದು ಕಡೆ ತಪ್ಪಾದರೆ ಅಷ್ಟನ್ನೇ ಮತ್ತೆ ತೆಗೆದರೆ ಆಯಿತು. ಹದಿನೇಳು ನಿಮಿಷದ್ದನ್ನು ಯಾರು ಮತ್ತೆ ತೆಗೆಯುತ್ತಾರೆ?

ಮೊದಲ ತುಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಮಾತ್ರ ನನ್ನ ಮುಖ ಕಾಣುತ್ತದೆ. "ಇದು ನಿಮ್ಮೂರ ಕಲ್ಲು, ಇದರ ಬಗ್ಗೆ ನಿಮ್ಮಷ್ಟು ಹತ್ತಿರದಿಂದ ನೋಡಿ ಬರೆದವರು ಇಲ್ಲದೆಯೂ ಇರಬಹುದು" ಅನ್ನುತ್ತೇನೆ. ಆಮೇಲೆ ನಾಲ್ಕು ಪುಟವನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ತಿರುವಿ ತೋರಿಸುತ್ತೇನೆ: ಅಳತೆ ಮತ್ತು ಜಾಗ, ಗೆರೆ ಚಿತ್ರ, ಪುಸ್ತಕದಲ್ಲಿ ಸಿಕ್ಕಿದ್ದು, ನನ್ನ ಅನಿಸಿಕೆ. ಮುಗಿಯಿತು. "ಎಷ್ಟು ಪೇಜು ಮ್ಯಾಮ್" ಅನ್ನುವ ಪ್ರಶ್ನೆ ಇದರಿಂದ ಪೂರ್ತಿ ನಿಲ್ಲಲಿಲ್ಲ, ಕಮ್ಮಿ ಆಯಿತು.

ಮೂರರಲ್ಲಿ ಯಾವುದರಲ್ಲೂ ಕೊನೆಯ ದಿನಾಂಕ ಹೇಳಬೇಡಿ. ಸೆಮಿಸ್ಟರ್ ಹೆಸರು, ಬ್ಯಾಚು, ಪತ್ರಿಕೆಯ ಕೋಡು ಯಾವುದೂ ಬೇಡ. ಪಠ್ಯಕ್ರಮ ಎಷ್ಟು ಸಲ ಬದಲಾಯಿತು ಅಂತ ನಮಗೆ ಗೊತ್ತೇ ಇದೆ, ಕಲ್ಲು ಮಾತ್ರ ಅಲ್ಲೇ ಇದೆ. ಬದಲಾಗುವುದೆಲ್ಲ ಹಾಳೆಯಲ್ಲಿರಲಿ. ಇದರ ಇನ್ನೊಂದು ಮಗ್ಗುಲೂ ಇದೆ. ಅಂಕ ಹೋಗುವಂಥ ಯಾವ ಷರತ್ತನ್ನೂ ವಿಡಿಯೊದಲ್ಲಿ ಮಾತ್ರ ಹೇಳಿ ಹಾಳೆಯಲ್ಲಿ ಬಿಡಬೇಡಿ. ಒಂದು ವರ್ಷ "ಅಳತೆ ಸೆಂಟಿಮೀಟರಿನಲ್ಲೇ ಇರಲಿ" ಅಂತ ವಿಡಿಯೊದ ಮಧ್ಯೆ ಬಾಯಿಗೆ ಬಂದದ್ದನ್ನು ಹೇಳಿ, ಅಡಿಯಲ್ಲಿ ಬರೆದವರಿಗೆ ಅರ್ಧ ಅಂಕ ಕಡಿದೆ. ನೆಟ್‌ವರ್ಕ್ ಇಲ್ಲದ ಊರಿನ ಇಬ್ಬರು ಬಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅಂಕ ವಾಪಸ್ ಕೊಟ್ಟೆ.

ಫೋನು, ಮೈಕು, ಮಳೆ

ಸ್ಟುಡಿಯೊ ಬೇಡ. ನನ್ನದು ಸಾಧಾರಣ ಫೋನು, ಒಂದು ಕಾಲರ್ ಮೈಕು, ಮೂರು ದಪ್ಪ ಗೆಜೆಟಿಯರು. ದುಡ್ಡು ಹಾಕುವುದಾದರೆ ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಬಿಟ್ಟು ಹೋಗುತ್ತಾರೆ. ಹಾಸಿಗೆ, ಬಟ್ಟೆಬರೆ ಇರುವ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್ಗುಡುವುದಿಲ್ಲ. ಖಾಲಿ ಕ್ಲಾಸ್‌ರೂಮಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಮಾಡಿನ ಕೆಳಗೆ ಏನೂ ರೆಕಾರ್ಡ್ ಆಗುವುದಿಲ್ಲ. ಸಂಜೆ ಆದರೆ ಜೀರುಂಡೆ. ನಾನು ಏಪ್ರಿಲ್‌ನಲ್ಲೇ ಮುಗಿಸಿಡುತ್ತೇನೆ, ಬೆಳಿಗ್ಗೆ ಆರೂವರೆಗೆ, ಹಾಲಿನವನು ಬಂದು ಹೋದ ಮೇಲೆ.

ಹಾಳೆಯ ಮೇಲೆ ಬರೆಯುತ್ತಾ ತೋರಿಸಬೇಕಾದಾಗ ಮೇಜಿನ ಮೇಲೆ ಪುಸ್ತಕ ಪೇರಿಸಿ, ಮೇಲಿನ ಪುಸ್ತಕದ ಅಂಚಿನಿಂದ ಕ್ಯಾಮೆರಾ ಇರುವ ತುದಿ ಹೊರಚಾಚುವಂತೆ ಫೋನಿಟ್ಟು, ಹಿಂದಿನ ತುದಿಯ ಮೇಲೆ ಇನ್ನೊಂದು ಪುಸ್ತಕದ ಭಾರ ಹೇರಿ. ಕ್ಯಾಮೆರಾ ನೇರ ಕೆಳಗೆ ನೋಡುತ್ತದೆ. ಕಿಟಕಿ ಎಡಗಡೆ ಇರಲಿ, ಬಲಗೈಯವರಾದರೆ ನೆರಳು ಬರಹದ ಮೇಲೆ ಬೀಳುವುದಿಲ್ಲ. ಲೆನ್ಸನ್ನು ಸೆರಗಿನಿಂದ ಒರೆಸಿ. ತಮಾಷೆಯಲ್ಲ, ಅರ್ಧ ಮಸುಕು ಅಲ್ಲೇ ಹೋಗುತ್ತದೆ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಪರದೆ ರೆಕಾರ್ಡ್ ಮಾಡುವಾಗ ಇಂಟರ್‌ನೆಟ್ ಬೇಕಾದರೆ ಡು ನಾಟ್ ಡಿಸ್ಟರ್ಬ್ ಆದರೂ ಹಾಕಿ. ಒಂದು ವರ್ಷ ಎಪಿಗ್ರಾಫಿಯಾದ ಪುಟ ತೋರಿಸುತ್ತಿರುವಾಗ ಮೇಲಿನಿಂದ ಅಕ್ಕನ ಮೆಸೇಜು ಇಳಿಯಿತು: "ಹಲಸಿನ ಹಪ್ಪಳ ಒಣಗ್ಲಿಲ್ಲ, ನಿಮ್ಮಲ್ಲಿ ಬಿಸ್ಲು ಇದ್ಯಾ?" ನಾನು ಗಮನಿಸದೆ ಕಳಿಸಿಬಿಟ್ಟೆ. ಆ ಬ್ಯಾಚಿನವರು ಕಾನ್ವೊಕೇಶನ್ ದಿನವೂ ಹಪ್ಪಳ ಒಣಗಿತಾ ಅಂತ ಕೇಳಿದರು.

ಮಾತಿನ ವಿಚಾರ. ನನ್ನ ಮೊದಲ ವಿಡಿಯೊದಲ್ಲಿ ಪೂರ್ತಿ ಬರೆದುಕೊಂಡು ಓದಿದ್ದೆ. "ಪ್ರಸ್ತುತ ನಿಯೋಜನೆಯ ಮುಖ್ಯ ಉದ್ದೇಶವೇನೆಂದರೆ..." ಹುಡುಗರು ಅದಕ್ಕೆ ರೇಡಿಯೊದ ಪ್ರದೇಶ ಸಮಾಚಾರ ಅಂತ ಹೆಸರಿಟ್ಟರು. ಈಗ ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ಬರೆದುಕೊಳ್ಳುತ್ತೇನೆ. ನಡುವಿನದ್ದಕ್ಕೆ ಹಳೇ ಕವರಿನ ಹಿಂದೆ ಐದು ಪದ. ಇಡೀ ಕ್ಲಾಸಿಗೆ ಅಂತ ಮಾತಾಡುವುದಿಲ್ಲ. ಮೊದಲು ಹಾಳೆ ಓದಿಸಿದ ಆ ಹುಡುಗಿ ಎದುರಿಗೆ ಕೂತಿದ್ದಾಳೆ ಅಂದುಕೊಂಡು ಅವಳಿಗೆ ಹೇಳುತ್ತೇನೆ: "ಇಲ್ಲಿ ನಿಂಗೆ ಏನನ್ಸುತ್ತೆ ಅಂದ್ರೆ..." ತಡವರಿಸಿದರೆ ಕತ್ತರಿಸುವುದಿಲ್ಲ. ಒಂದು ಉಸಿರು ಬಿಟ್ಟು ಅದೇ ವಾಕ್ಯ ಮತ್ತೆ ಹೇಳಿ ಮುಂದಕ್ಕೆ ಹೋಗುತ್ತೇನೆ. ಮೂರನೇ ಟೇಕಿಗಿಂತ ಹೆಚ್ಚು ತೆಗೆದದ್ದು ಯಾವತ್ತೂ ಚೆನ್ನಾಗಿ ಬಂದಿಲ್ಲ.

ಕಲ್ಲಿನ ಬುಡದಲ್ಲಿ

ಎರಡನೇ ತುಂಡೇ ಈ ಕೆಲಸದ ಜೀವ, ಹಾಗಾಗಿ ಅದನ್ನು ವಿವರವಾಗಿ ಹೇಳುತ್ತೇನೆ. ಒಬ್ಬ ಹಳೆಯ ವಿದ್ಯಾರ್ಥಿ ಫೋನು ಹಿಡಿದಿದ್ದ. ನಾನು ಒಂದು ವೀರಗಲ್ಲಿನ ಮುಂದೆ, ಕೈಯಲ್ಲಿ ಟೇಪು, ಟಾರ್ಚು, ನೋಟ್‌ಬುಕ್ಕು. (ಅದು ನವೆಂಬರ್ ಮೊದಲ ವಾರ. ಚಪ್ಪಲಿ ಬಿಟ್ಟು ನಿಂತಿದ್ದೆ. ವಿಡಿಯೊದ ಎರಡನೇ ನಿಮಿಷದಲ್ಲಿ ನಾನು ಸುಮ್ಮನೆ ಕೆಳಗೆ ಬಗ್ಗುತ್ತೇನಲ್ಲ, ಅದು ಇಂಬಳ ಕೀಳಲಿಕ್ಕೆ.)

ಕ್ಯಾಮೆರಾ ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತದೆ. ಟೇಪಿನ ತುದಿಯನ್ನು ಎಲ್ಲಿಂದ ಹಿಡಿಯಬೇಕು? ನೆಲದಿಂದ ಮೇಲೆ ಕಾಣುವಷ್ಟು ಮಾತ್ರ, ಹೂತದ್ದು ಲೆಕ್ಕಕ್ಕಿಲ್ಲ, ಹೂತಿದೆ ಅನ್ನುವುದನ್ನು ಬರೆಯಬೇಕು. ಈ ಒಂದು ಮಾತನ್ನು ಹಾಳೆಯಲ್ಲಿ ಹೇಳಲು ನಾಲ್ಕು ಸಾಲು ಬೇಕು, ಕೈಯಲ್ಲಿ ತೋರಿಸಲು ಆರು ಸೆಕೆಂಡು.

ಮಕ್ಕಳು ಕಲ್ಲನ್ನು ಪುಸ್ತಕದ ಪುಟದಂತೆ ಮೇಲಿನಿಂದ ಕೆಳಗೆ ನೋಡುತ್ತಾರೆ. ವೀರಗಲ್ಲಿನ ಕತೆ ನಡೆಯುವುದು ಕೆಳಗಿನಿಂದ ಮೇಲಕ್ಕೆ: ಬುಡದ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಬುಡದಲ್ಲಿ ಹಸುಗಳಿದ್ದರೆ ತುರುಗಾಳಗ, ಅಂದರೆ ದನಕ್ಕಾಗಿ ನಡೆದ ಕಾಳಗ. ಅಕ್ಷರ ಇದ್ದರೆ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಡ್ಡಗೆರೆಯಲ್ಲಿ ಇರುತ್ತದೆ. ನಾನು ಬೆರಳನ್ನು ಕೆಳಗಿನಿಂದ ನಿಧಾನ ಮೇಲಕ್ಕೆ ಒಯ್ಯುತ್ತಾ ಹೇಳುತ್ತೇನೆ. ಮೂರನೇ ವರ್ಷದ ಉತ್ತರಗಳಲ್ಲಿ ಕತೆ ತಲೆಕೆಳಗಾಗುವುದು ಹತ್ತಿರ ಹತ್ತಿರ ನಿಂತೇ ಹೋಯಿತು.

ಆಮೇಲೆ ಟಾರ್ಚು. ಬೆಳಕು ಕಲ್ಲಿನ ಮುಖಕ್ಕೆ ನೇರ ಬಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ. ಓರೆ ಬಿಸಿಲಿಗೆ ಕಾಯಬೇಕು, ಇಲ್ಲವೇ ಕೊಡೆಯಿಂದ ನೆರಳು ಮಾಡಿ ಫೋನಿನ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿಯಬೇಕು. ಬರೀ ಹಾವಸೆ ಅಂದುಕೊಂಡಿದ್ದ ಜಾಗದಲ್ಲಿ ಗೆರೆಗೆ ನೆರಳು ಹುಟ್ಟಿ ಒಂದು "ಶ್ರೀ" ಎದ್ದು ಬರುತ್ತದೆ. ವಿಡಿಯೊದಲ್ಲಿ ಆ ಗಳಿಗೆಗೆ ನಾನು ಮಾತು ನಿಲ್ಲಿಸಿದ್ದೇನೆ, ಎಂಟು ಸೆಕೆಂಡು ಮೌನ. ಅದನ್ನು ಕತ್ತರಿಸು ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಕತ್ತರಿಸಲಿಲ್ಲ.

ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಸವರಬೇಡಿ, ತಂತಿ ಬ್ರಷ್ ತರಬೇಡಿ ಅನ್ನುವುದನ್ನೂ ಅಲ್ಲೇ ಹೇಳುತ್ತೇನೆ. ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲಾದರೆ ಮೊದಲು ಊರ ಹಿರಿಯರನ್ನು ಕೇಳಬೇಕು. "ಅಜ್ಜಾ, ಈ ಕಲ್ಲಿಗೆ ಏನಂತ ಕರೀತೀರಿ?" ಅನ್ನುವ ಪ್ರಶ್ನೆಯಿಂದ ಶುರು ಮಾಡಿ ಅನ್ನುತ್ತೇನೆ. ಅರ್ಧ ಅಸೈನ್‌ಮೆಂಟ್ ಅಲ್ಲೇ ಸಿಗುತ್ತದೆ.

ಈ ತುಂಡಿನ ಉಳಿದ ಎರಡು ನಿಮಿಷ ಪುಸ್ತಕಕ್ಕೆ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಜಿಲ್ಲಾವಾರು ಸಂಪುಟಗಳಲ್ಲಿದೆ. ನಮ್ಮ ಶಿವಮೊಗ್ಗಕ್ಕೆ ಎರಡು: ಏಳು ಮತ್ತು ಎಂಟು. ಇದನ್ನು ನಾನು ಮೊದಲು ಲ್ಯಾಪ್‌ಟಾಪಿನಲ್ಲಿ ಓಬಿಎಸ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಂಡು ಅಚ್ಚುಕಟ್ಟಾಗಿ ತೋರಿಸಿದ್ದೆ. ಒಬ್ಬರಿಗೂ ಉಪಯೋಗ ಆಗಲಿಲ್ಲ, ಯಾಕೆಂದರೆ ನನ್ನ ತರಗತಿಯಲ್ಲಿ ಲ್ಯಾಪ್‌ಟಾಪ್ ಇದ್ದವರು ನಾಲ್ಕೇ ಮಂದಿ. ಅವರು ಹುಡುಕುವುದು ಫೋನಿನಲ್ಲಿ, ಪಿಡಿಎಫ್ ತೆರೆಯುವುದು ಫೋನಿನಲ್ಲಿ. ಈಗ ನಾನೂ ಫೋನಿನ ಪರದೆಯನ್ನೇ ರೆಕಾರ್ಡ್ ಮಾಡುತ್ತೇನೆ. ಆಂಡ್ರಾಯ್ಡ್ 11ರಿಂದ ಈಚೆಗೆ ಸ್ಕ್ರೀನ್ ರೆಕಾರ್ಡರ್ ಫೋನಿನಲ್ಲೇ ಇರುತ್ತದೆ. ಬೆರಳು ಮುಟ್ಟಿದ ಜಾಗ ಚುಕ್ಕೆಯಾಗಿ ಕಾಣುವ ಆಯ್ಕೆಯನ್ನು ಆನ್ ಮಾಡಿ, ಇಲ್ಲದಿದ್ದರೆ ಪುಟ ತಾನಾಗೇ ಹಾರಿದಂತೆ ಕಾಣುತ್ತದೆ. ನಿಮ್ಮ ಮಕ್ಕಳ ಕೈಯಲ್ಲಿ ಯಾವ ಯಂತ್ರ ಇದೆಯೋ ಅದರಲ್ಲೇ ತೋರಿಸಿ.

ಹುಡುಕುವಾಗ ನಾನು ಬೇಕೆಂದೇ ಎರಡು ಸಲ ಎಡವುತ್ತೇನೆ. ಹೊಸನಗರದವರು ಪುಸ್ತಕದಲ್ಲಿ ಹೊಸನಗರ ತಾಲ್ಲೂಕು ಹುಡುಕಿ, ಸಿಗದೆ, "ನಮ್ಮೂರಿನ ಶಾಸನ ಪ್ರಕಟವಾಗಿಲ್ಲ" ಅಂತ ಬರೆದು ತರುತ್ತಿದ್ದರು. ರೈಸ್ ಪಟ್ಟಿಯಲ್ಲಿ ಆ ತಾಲ್ಲೂಕಿನ ಹೆಸರು ನಗರ. ನಾನೂ ಮೊದಲು ಹೊಸನಗರ ಅಂತ ಹುಡುಕುತ್ತೇನೆ, "ಅರೆ, ಇಲ್ವಲ್ಲ" ಅನ್ನುತ್ತೇನೆ, ಆಮೇಲೆ ನಗರಕ್ಕೆ ಹೋಗುತ್ತೇನೆ. ಎರಡನೇ ಎಡವು: ಒಂದೇ ಶಾಸನ ಪುಸ್ತಕದ ಮೂರು ಕಡೆ ಇರುತ್ತದೆ, ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯಲ್ಲಿ ಒಂದು ಕಡೆ, ಕನ್ನಡ ಲಿಪಿಯಲ್ಲಿ ಇನ್ನೊಂದು ಕಡೆ. ಮಕ್ಕಳು ಅನುವಾದ ಸಿಕ್ಕ ಕೂಡಲೇ ಮುಚ್ಚಿಡುತ್ತಾರೆ. ಅದೇ ಸಂಖ್ಯೆ ಹಿಡಿದು ಕನ್ನಡ ಪಾಠಕ್ಕೆ ಹೋಗುವ ದಾರಿಯನ್ನು ಬೆರಳಿಂದ ತೋರಿಸಬೇಕು. ಕೊನೆಗೆ ಶಕವರ್ಷಕ್ಕೆ 78 ಕೂಡಿಸುವ ಲೆಕ್ಕ. ಶಕ 1100 ಅಂದರೆ ಕ್ರಿ.ಶ. 1178ರ ಸುಮಾರು. ಕಳೆದು 1022ಕ್ಕೆ ಕೊಂಡೊಯ್ದ ಮಹಾಶಯರೂ ಇದ್ದಾರೆ.

ತಜ್ಞರು ಎಡವದಂತೆ ತೋರಿಸಿದರೆ ನೋಡಲು ಚೆಂದ, ಮಾಡಲು ಕುಳಿತಾಗ ಮಕ್ಕಳು ಮೊದಲ ಎಡವಿಗೇ "ನಂಗೆ ಬರಲ್ಲ" ಅಂತ ಬಿಡುತ್ತಾರೆ.

ಅಂಕ ಹಾಕುವುದನ್ನು ತೋರಿಸುವುದು

ಮೂರನೇ ತುಂಡಿನಲ್ಲಿ ಒಂದು ಉತ್ತರ ಪತ್ರಿಕೆ, ಒಂದು ಕೆಂಪು ಪೆನ್ನು, ಮೇಲಿನಿಂದ ನೋಡುವ ಫೋನು. ಓದುತ್ತಾ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳುತ್ತೇನೆ. "ಇಲ್ಲಿ 'ಸುಂದರವಾದ ಕೆತ್ತನೆ' ಅಂತ ಇದೆ. ಯಾವುದು ಸುಂದರ? ನನಗೆ ಗೊತ್ತಾಗ್ಲಿಲ್ಲ. ಅಂಕ ಇಲ್ಲ. ಇಲ್ಲಿ ನೋಡು, 'ವೀರನ ಬಲಗೈಯಲ್ಲಿ ಕತ್ತಿ, ಎಡಗೈಯ ಗುರಾಣಿ ದುಂಡಗಿದೆ' ಅಂತ ಬರೆದಿದ್ದಾರೆ. ಇದು ಕಣ್ಣಿಂದ ನೋಡಿದ್ದು. ಒಂದು ಅಂಕ."

ಇನ್ನೊಬ್ಬ ವಿದ್ಯಾರ್ಥಿಯ ನಿಜವಾದ ಉತ್ತರವನ್ನು ಹೀಗೆ ಬಳಸುವುದಾದರೆ ಅವರ ಒಪ್ಪಿಗೆ ಬೇಕು, ಹೆಸರು ಮತ್ತು ರಿಜಿಸ್ಟರ್ ನಂಬರು ಮುಚ್ಚಬೇಕು. ಕೈಬರಹ ಗುರುತು ಹಿಡಿಯುತ್ತಾರೆ ಅನ್ನುವುದು ನೆನಪಿರಲಿ. ನಾನು ಒಳ್ಳೆಯ ಉತ್ತರಕ್ಕೆ ಮಾತ್ರ ಕೇಳಿ ಬಳಸುತ್ತೇನೆ. ಕೆಟ್ಟ ಮಾದರಿಯನ್ನು ನಾನೇ ಬರೆಯುತ್ತೇನೆ, ಎಡಗೈಯಲ್ಲಿ.

ಇದರಲ್ಲಿ ದೊಡ್ಡ ಗುಂಡಿಯೊಂದಿದೆ, ನಾನು ಬಿದ್ದದ್ದು. ಮೊದಲ ಸಲ ಒಳ್ಳೆಯ ಮಾದರಿ ಅಂತ ಒಂದು ವೀರಗಲ್ಲಿನ ಉತ್ತರ ತೋರಿಸಿದೆ. ಅದರಲ್ಲಿ "ಕಲ್ಲಿನ ಎಡಬದಿಯಲ್ಲಿ ಹಾವಸೆ ಬೆಳೆದಿದ್ದು ಅಕ್ಷರಗಳು ಅಸ್ಪಷ್ಟವಾಗಿವೆ" ಅನ್ನುವ ಸಾಲಿತ್ತು. ಆ ವರ್ಷ ನನ್ನ ಕೈಗೆ ಬಂದ ಉತ್ತರಗಳಲ್ಲಿ 41 ಕಲ್ಲುಗಳ ಎಡಬದಿಯಲ್ಲಿ ಹಾವಸೆ ಬೆಳೆದಿತ್ತು. ಬಲಬದಿಯಲ್ಲಿ ಒಂದರಲ್ಲೂ ಇಲ್ಲ. ಅದರಲ್ಲಿ ಒಂದು ಕಲ್ಲು ದೇವಸ್ಥಾನದ ಒಳಗೆ, ಟೈಲ್ಸ್ ನೆಲದ ಮೇಲೆ ಇದೆ ಅಂತ ನನಗೆ ಗೊತ್ತಿತ್ತು.

ಮಕ್ಕಳ ತಪ್ಪಲ್ಲ. ಒಂದೇ ಮಾದರಿ ತೋರಿಸಿದರೆ ಅದು ಅಚ್ಚಾಗುತ್ತದೆ. ಈಗ ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ಮಾದರಿಯ ಕಲ್ಲು ಅವರಿಗೆ ಸಿಗುವ ಜಾತಿಯದ್ದಲ್ಲ. ಹೆಚ್ಚಿನವರು ವೀರಗಲ್ಲು ಆರಿಸುತ್ತಾರೆ, ಹಾಗಾಗಿ ನಾನು ತೋರಿಸುವುದು ಮಾಸ್ತಿಗಲ್ಲಿನ ಉತ್ತರ. ಕಂಬದಿಂದ ಚಾಚಿದ ಬಳೆ ತೊಟ್ಟ ಕೈಯ ವರ್ಣನೆಯನ್ನು ಯಾರೂ ಕದ್ದು ಕತ್ತಿಗೆ ಅಂಟಿಸಲಾರರು. ಎರಡನೆಯದು, ಒಂದೇ ಅಂಕ ಪಡೆದ ಎರಡು ಉತ್ತರ ತೋರಿಸುತ್ತೇನೆ, ಎರಡೂ ಒಂದಕ್ಕೊಂದು ಹೋಲುವುದಿಲ್ಲ. ಒಂದು ಅಳತೆ ಮತ್ತು ಚಿತ್ರದಲ್ಲಿ ಗಟ್ಟಿ, ಇನ್ನೊಂದು ಊರ ಅಜ್ಜಿ ಹೇಳಿದ ಕತೆಯನ್ನೂ ಶಾಸನ ಹೇಳುವುದನ್ನೂ ಎದುರುಬದುರು ಇಟ್ಟು ಜಗ್ಗಾಡಿದ್ದು. ಇಬ್ಬರಿಗೂ ಎಂಟು.

ಈ ತುಂಡನ್ನು ಮಾತ್ರ ನಾನು ಮನೆಗೆ ಕಳಿಸುವ ಮೊದಲು ಕ್ಲಾಸಿನಲ್ಲಿ ಹಾಕುತ್ತೇನೆ. ನಾನು ಅಂಕ ಹೇಳುವ ಮೊದಲು ನಿಲ್ಲಿಸಿ, "ನೀವಾಗಿದ್ರೆ ಎಷ್ಟು ಕೊಡ್ತಿದ್ರಿ?" ಅಂತ ಕೇಳಿ. ಮಕ್ಕಳು ನಮಗಿಂತ ಜುಗ್ಗರು.

ಕಳಿಸುವುದು

ಯೂಟ್ಯೂಬಿಗೆ ಅನ್‌ಲಿಸ್ಟೆಡ್ ಅಂತ ಹಾಕುತ್ತೇನೆ: ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತದೆ, ಹುಡುಕಿದರೆ ಬರುವುದಿಲ್ಲ. ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಸಮಯ ಮತ್ತು ಹೆಸರು ಬರೆದರೆ ವಿಡಿಯೊ ತಾನಾಗಿ ಅಧ್ಯಾಯಗಳಾಗುತ್ತದೆ. ಅದೇ ಸಮಯಗಳನ್ನು ಹಾಳೆಯಲ್ಲೂ ಆಯಾ ಸಾಲಿನ ಪಕ್ಕ ಬರೆಯಿರಿ: "ಅಳತೆ (ವಿಡಿಯೊ 2, 0:40)". ರಾತ್ರಿ ಹನ್ನೊಂದಕ್ಕೆ ಪೂರ್ತಿ ನೋಡಲು ಯಾರಿಗೂ ತಾಳ್ಮೆ ಇರುವುದಿಲ್ಲ.

ನೆಟ್‌ವರ್ಕ್ ಸಿಗದ ಊರಿನವರಿಗೆ ಅದೇ ಕಡತವನ್ನು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶದಲ್ಲಿ 720ಪಿಗೆ ಇಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸುತ್ತೇನೆ. ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಹಾಕಿ ಪುಸ್ತಕದ ಅಕ್ಷರ ಓದಲು ಬರುವುದಿಲ್ಲ. ಅದೂ ಆಗದವರು ಕ್ಲಾಸಿನಲ್ಲೇ ಫೋನಿಂದ ಫೋನಿಗೆ ದಾಟಿಸಿಕೊಳ್ಳುತ್ತಾರೆ. ಅದಕ್ಕೆ ನಾನು ಹತ್ತು ನಿಮಿಷ ಬಿಡುತ್ತೇನೆ.

ಕೆಳಗೆ ಅಕ್ಷರ ಹಾಕುವುದು ಬೇಸರದ ಕೆಲಸ, ಆದರೂ ಮಾಡಿ. ನನ್ನ ಒಬ್ಬ ವಿದ್ಯಾರ್ಥಿಗೆ ಕಿವಿ ಸರಿ ಕೇಳುವುದಿಲ್ಲ ಅನ್ನುವುದು ನನಗೆ ಎರಡನೇ ಸೆಮಿಸ್ಟರಿನವರೆಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ದನಿ ಇಲ್ಲದೆ ನೋಡುವವರೂ ಬಹಳ. ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಕನ್ನಡ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಹೇಳಿ ಬರೆಸಿ, ಆಮೇಲೆ ತಿದ್ದಿ, ಕ್ಯಾಪ್ಷನ್ ಆಗಿ ಸೇರಿಸುತ್ತೇನೆ. ತಿದ್ದದೆ ಹಾಕಬೇಡಿ. ನನ್ನ "ಶಾಸನ" ಅದಕ್ಕೆ ನಾಲ್ಕು ಕಡೆ "ಶಾಸಕ" ಅಂತ ಕೇಳಿಸಿತ್ತು, "ಸವೆದು ಹೋದ ಶಾಸಕರನ್ನು ಪಕ್ಕದಿಂದ ಟಾರ್ಚು ಬಿಟ್ಟು ನೋಡಿ" ಅಂತ ಬಂದಿತ್ತು.

ಕಳಿಸಿದ ಮೇಲೆ

ಮೊದಲ ಮೂರು ದಿನ ಪ್ರಶ್ನೆಗಳನ್ನು ಒಬ್ಬೊಬ್ಬರಿಗೆ ಉತ್ತರಿಸಬೇಡಿ. ಗ್ರೂಪಿನಲ್ಲೇ ಕೇಳಲಿ. ಒಂದೇ ಪ್ರಶ್ನೆ ಮೂರು ಸಲ ಬಂದರೆ ಅದು ನಿಮ್ಮ ವಿಡಿಯೊದ ತೂತು. ಒಂದು ನಿಮಿಷದ ವಾಯ್ಸ್ ಮೆಸೇಜು ಹಾಕಿ, ಮುಂದಿನ ವರ್ಷಕ್ಕೆ ಕವರಿನ ಹಿಂದೆ ಬರೆದಿಟ್ಟುಕೊಳ್ಳಿ.

ಯೂಟ್ಯೂಬ್ ಸ್ಟುಡಿಯೊದಲ್ಲಿ ಜನ ಎಲ್ಲಿವರೆಗೆ ನೋಡಿದರು ಅನ್ನುವ ಗೆರೆ ಇರುತ್ತದೆ. ನೋಡಿದವರು ಬೆರಳೆಣಿಕೆಯಾದರೆ ಏನೂ ತೋರಿಸುವುದಿಲ್ಲ. ನನ್ನದು ಎರಡು ಮೂರು ಬ್ಯಾಚು ನೋಡಿ ನೂರು ದಾಟಿದ ಮೇಲೆ ಓದಲು ಬಂತು. ಶುರುವಿನ ಇಪ್ಪತ್ತು ಸೆಕೆಂಡಿನಲ್ಲಿ ಗೆರೆ ದಬಕ್ಕನೆ ಬಿದ್ದಿತ್ತು, ಅಲ್ಲಿ ನಾನು ನಮಸ್ಕಾರ ಹೇಳಿ, ಹೆಸರು ಹೇಳಿ, ವಿಭಾಗ ಹೇಳಿ, ಸುಸ್ವಾಗತ ಕೋರುತ್ತಿದ್ದೆ. ದಿನಾ ನನ್ನ ಮುಖ ನೋಡುವ ಮಕ್ಕಳಿಗೆ! ಅದನ್ನು ಕತ್ತರಿಸಿದೆ. ಗೆರೆ ಮೇಲೆದ್ದ ಜಾಗಗಳು ಇನ್ನೂ ಮುಖ್ಯ, ಅಲ್ಲಿ ಹಿಂದಕ್ಕೆ ಎಳೆದು ಮತ್ತೆ ಮತ್ತೆ ನೋಡಿದ್ದಾರೆ ಅಂತ ಅರ್ಥ. ನಾನು ಖುಷಿಪಟ್ಟೆ, ಟಾರ್ಚಿನ ಮೌನ ಇರಬೇಕು ಅಂತ. ಅಲ್ಲ. ಪುಸ್ತಕದಲ್ಲಿ ಅನುವಾದದಿಂದ ಕನ್ನಡ ಪಾಠಕ್ಕೆ ಹಾರುವ ಜಾಗ. ನಾನು ಬಹಳ ಬೇಗ ಬೆರಳು ಓಡಿಸಿದ್ದೆ. ಆ ನಲವತ್ತು ಸೆಕೆಂಡನ್ನು ಮತ್ತೆ ತೆಗೆದೆ.

ಈ ಬೇಸಿಗೆಯಲ್ಲಿ ಎರಡನೇ ತುಂಡಿನ ಮೊದಲರ್ಧವನ್ನೂ ಮತ್ತೆ ತೆಗೆಯಬೇಕು. ಆ ವೀರಗಲ್ಲಿಗೆ ಊರವರು ತಗಡಿನ ಚಪ್ಪರ ಕಟ್ಟಿ, ಕಲ್ಲಿಗೆ ಪೂರ್ತಿ ಹಳದಿ ಆಯಿಲ್ ಪೇಂಟ್ ಹೊಡೆದು, ವೀರನಿಗೆ ಕಪ್ಪು ಮೀಸೆ ಬರೆದಿದ್ದಾರೆ. ಹೋದ ವಾರ ಹುಡುಗನೊಬ್ಬ ಫೋಟೊ ಕಳಿಸಿ ಕೇಳಿದ: "ಮ್ಯಾಮ್, ಮೀಸೆನೂ ದಾಖಲಿಸಬೇಕಾ?" ಬೇಕು ಮಾರಾಯ, ಯಾರು ಬರೆದರು, ಯಾವಾಗ, ಯಾಕೆ ಅಂತ ಕೇಳಿಕೊಂಡು ಬಾ ಅಂದಿದ್ದೇನೆ. ಹಾಳೆಯಲ್ಲಿ ಅದಕ್ಕೊಂದು ಸಾಲು ಸೇರಿಸಿದೆ.